ಕಾವಲಿನವರಿಗೊಂದು ಲಂಡನ್

ಬೇಸಿಗೆ ಬಂತೆಂದರೆ ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಇರುತ್ತಾರೆ. ಅವರಿಗೆ ಲಂಡನ್ ತೋರಿಸುವ ಕ್ರಮ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಬಿಗ್ ಬೆನ್, ಲಂಡನ್ ಐ, ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಪಹರೆ ಬದಲಾಗುವುದು, ಟವರ್‌ನಲ್ಲಿ ಕೊಹಿನೂರು, ಲ್ಯಾಂಬೆತ್ ಸೇತುವೆ ದಾಟಿ ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣಗೊಂಡ ಆ ಪ್ರತಿಮೆಯ ಮುಂದೆ ಕೈಮುಗಿದು ನಿಂತಾಗ ಹಿರಿಯರ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ. ಇವು ಯಾವುವನ್ನೂ ಬಿಡಬೇಡಿ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದವರಿಗೆ, ದನ ಕುರಿ ಕಟ್ಟಿಕೊಂಡು ಬಾಳಿದವರಿಗೆ, ಇನ್ನೊಂದು ಲಂಡನ್ ಇದೆ. ಅದನ್ನು ಅವರು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಅದನ್ನು ತೋರಿಸಲೇಬೇಕೆಂದು ಕೇಳಿಕೊಳ್ಳಲು ಈ ಲೇಖನ.

ನಾನು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯವನು. ನಮ್ಮೂರಿನವರಿಗೆ ಕಾವಲು ಅಂದರೆ ಅರ್ಧ ಊರು. ಮಳೆ ಕಡಿಮೆಯ ಸೀಮೆ. ಹೊಲದಲ್ಲಿ ಕಡ್ಲೆಕಾಯಿ ಕೈಕೊಟ್ಟ ವರ್ಷವೂ ಕಾವಲಿನ ಹುಲ್ಲು ಮನೆ ನಡೆಸುತ್ತಿತ್ತು. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದವರು ಹೊತ್ತು ಮುಳುಗುವ ಹೊತ್ತಿಗೆ ಕಂಬಳಿ ಹೆಗಲಿಗೇರಿಸಿ ಬರುತ್ತಿದ್ದರು. ಕೃಷ್ಣಮೃಗದ ಹಿಂಡು ನೋಡಬೇಕೆಂದು ನಾವು ಎಂದೂ ಟಿಕೆಟ್ ಕೊಂಡವರಲ್ಲ.

ಈ ಕಾವಲುಗಳಿಗೆ ಅರಮನೆಯ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ವಿಭಾಗವನ್ನು ಟಿಪ್ಪು ಅಮೃತ್ ಮಹಲ್ ಎಂದು ಕರೆದು, ಸೈನ್ಯದ ತೋಪು, ಸಾಮಾನು ಎಳೆಯುವ ಎತ್ತುಗಳ ದೊಡ್ಡ ಇಲಾಖೆಯನ್ನೇ ಕಟ್ಟಿದ. ಆ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತ್ ಮಹಲ್ ಕಾವಲುಗಳು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಅವನ್ನು ವಿಂಗಡಿಸಿದ್ದರು. ಒಂದು ಕಡೆ ಹುಲ್ಲು ಮುಗಿಯುವ ಮೊದಲೇ ಹಿಂಡು ಇನ್ನೊಂದು ಕಡೆಗೆ ಹೊರಟಿರುತ್ತಿತ್ತು. ಚಿದಂಬರದ ರಕ್ಷಣೆಗೆ ಹೊರಟ ಹೈದರಾಲಿಯ ಸೈನ್ಯ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಹಳೆಯ ಮೈಸೂರು ಗೆಜೆಟಿಯರುಗಳಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಎತ್ತುಗಳು ಇಂಗ್ಲಿಷರ ಕೈ ಸೇರಿದವು. ಅಲ್ಲಿ ದಂಡನಾಯಕನಾಗಿ ಉಳಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿ ಹೆಸರಾದ ಡ್ಯೂಕ್ ಆಫ್ ವೆಲ್ಲಿಂಗ್ಟನ್.

ಅವನ ಮನೆ ಹೈಡ್ ಪಾರ್ಕ್ ಮೂಲೆಯಲ್ಲಿದೆ, ಹೆಸರು ಆಪ್ಸ್ಲಿ ಹೌಸ್. ನಾನು ಹೇಳುವ ಲಂಡನ್ ಶುರುವಾಗುವುದು ಅಲ್ಲಿಂದ. ಮೆಟ್ಟಿಲ ಬುಡದಲ್ಲಿ ಕನೋವಾ ಕೆತ್ತಿದ ನೆಪೋಲಿಯನ್ನನ ಆಳೆತ್ತರ ಮೀರಿದ ಅಮೃತಶಿಲೆಯ ಮೂರ್ತಿ, ಮೇಲೆ ಸ್ಪೇನಿನ ರಾಜಮನೆತನದ ಚಿತ್ರಗಳು ತುಂಬಿದ ವಾಟರ್‌ಲೂ ಗ್ಯಾಲರಿ. ದಖ್ಖನಿನ ಯುದ್ಧದಲ್ಲಿ ಜೊತೆಗಿದ್ದ ಅಧಿಕಾರಿಗಳು ಕೊಟ್ಟ, ಬೆಳ್ಳಿಗೆ ಚಿನ್ನದ ನೀರು ಹೊಯ್ದ ಊಟದ ಪಾತ್ರೆಗಳೂ ಇವೆ. ಊರಿಂದ ಬಂದಿದ್ದ ನನ್ನ ಅಪ್ಪ ಎಲ್ಲವನ್ನೂ ನಿಧಾನವಾಗಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಇದ್ರಾಗೆ ಎತ್ತು ಎಲ್ಲೈತಪ್ಪಾ?"

ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ಸ್ಪೇನ್, ಪೋರ್ಚುಗಲ್‌ಗಳ ಯುದ್ಧದಲ್ಲಿ ಮೈಸೂರಿನ ಎತ್ತುಗಳು ಜೊತೆಗಿಲ್ಲವಲ್ಲ ಎಂದು ವೆಲ್ಲಿಂಗ್ಟನ್ ಕೊರಗುತ್ತಿದ್ದನೆಂದು ಅದೇ ಗೆಜೆಟಿಯರುಗಳು ಹೇಳುತ್ತವೆ. ಅಷ್ಟು ನೆನೆದವನ ಮನೆಯಲ್ಲಿ ಅವುಗಳಿಗೊಂದು ಗೋಡೆ ಸಿಗಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅಲ್ಲಿಂದ ಪಾರ್ಕ್ ಲೇನ್ ಹಿಡಿದು ನಡೆದರೆ, ಯುದ್ಧಗಳಲ್ಲಿ ದುಡಿದು ಸತ್ತ ಪ್ರಾಣಿಗಳ ನೆನಪಿಗೆ 2004ರಲ್ಲಿ ಕಟ್ಟಿದ ಸ್ಮಾರಕವಿದೆ. ಹೇರು ಹೊತ್ತ ಎರಡು ಕಂಚಿನ ಹೇಸರಗತ್ತೆಗಳು ಕತ್ತು ಬಗ್ಗಿಸಿ ಮೆಟ್ಟಿಲು ಹತ್ತುತ್ತಿವೆ. ಅಪ್ಪ ಒಂದರ ಬೆನ್ನ ಮೇಲೆ ಕೈಯಾಡಿಸಿ, ಹೇರು ಬಿಗಿದ ಹಗ್ಗವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬಿಗಿತ ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು.

ಹಿರಿಯರಿಗೆ ಒಂದೇ ಒಂದು ದಿನ ಬಿಡುವಿದೆ ಎಂದಾದರೆ ನಾನು ಕರೆದೊಯ್ಯುವುದು ರಿಚ್ಮಂಡ್ ಪಾರ್ಕಿಗೆ. ಸುಮಾರು 2,500 ಎಕರೆ ಹುಲ್ಲು, ಜರೀಗಿಡ, ಹಳೆಯ ಓಕ್ ಮರಗಳು. ಅದರ ನಡುವೆ ಆರು ನೂರಕ್ಕೂ ಹೆಚ್ಚು ಜಿಂಕೆಗಳು ತಮ್ಮ ಪಾಡಿಗೆ ಮೇಯುತ್ತಿರುತ್ತವೆ. ನೋಡಲು ಚೆಂದ, ನಿಜ. ಆದರೆ ನಾನು ಅಲ್ಲಿ ತೋರಿಸುವುದು ಅದರ ಗೋಡೆಯನ್ನು.

1637ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ತನ್ನ ಬೇಟೆಗೆಂದು ಸುತ್ತಲೂ 8 ಮೈಲಿ ಇಟ್ಟಿಗೆ ಗೋಡೆ ಹಾಕಿಸಿದ. ಒಳಗೆ ಸೇರಿದ್ದರಲ್ಲಿ ಊರವರ ಹೊಲವೂ ಇತ್ತು, ಗೋಮಾಳವೂ ಇತ್ತು. ಜನ ಗೊಣಗಿದರು, ದೊರೆಯ ಹತ್ತಿರದವರೇ ಬೇಡವೆಂದರು. ಅವನು ಕೇಳಲಿಲ್ಲ. ಆದರೂ ಕಾಲುದಾರಿಯಲ್ಲಿ ನಡೆದು ಹೋಗುವ, ಸೌದೆ ಆರಿಸಿಕೊಳ್ಳುವ ಹಕ್ಕನ್ನು ಉಳಿಸಿದ. ನೂರು ವರ್ಷ ಕಳೆದ ಮೇಲೆ, 1751ರಲ್ಲಿ, ಎರಡನೆಯ ಜಾರ್ಜನ ಮಗಳು ಅಮೀಲಿಯಾ ಪಾರ್ಕಿನ ಉಸ್ತುವಾರಿ ವಹಿಸಿಕೊಂಡು ಅದನ್ನೂ ನಿಲ್ಲಿಸಿದಳು. ಅವಳ ಚೀಟಿಯಿದ್ದವರಿಗೆ ಮಾತ್ರ ಪ್ರವೇಶ. ರಿಚ್ಮಂಡ್‌ನಲ್ಲಿ ಬಿಯರ್ ತಯಾರಿಸುತ್ತಿದ್ದ ಜಾನ್ ಲೂಯಿಸ್ ಎಂಬಾತ ಈಸ್ಟ್ ಶೀನ್ ಬಾಗಿಲಲ್ಲಿ ಒಳಹೋಗಲು ಯತ್ನಿಸಿದ. ಬಾಗಿಲು ಕಾಯುವವಳು ತಡೆದಳು. ಅವನು ಕೋರ್ಟಿಗೆ ಹೋದ, ವರ್ಷಗಟ್ಟಲೆ ಓಡಾಡಿದ, 1758ರಲ್ಲಿ ಗೆದ್ದ.

ನನಗೆ ಗೆಲುವಿಗಿಂತ ಅದರ ನಂತರದ ಸಂಗತಿ ದೊಡ್ಡದಾಗಿ ಕಾಣುತ್ತದೆ. ಗೋಡೆಗೆ ಬಾಗಿಲು ಬೇಕೋ, ಹತ್ತಿ ಇಳಿಯುವ ಏಣಿ ಬೇಕೋ ಎಂದು ನ್ಯಾಯಾಧೀಶರು ಅವನನ್ನೇ ಕೇಳಿದರು. ಅವನು ಏಣಿ ಕೇಳಿದ. ಬಾಗಿಲಿಗೆ ಇಂದಲ್ಲ ನಾಳೆ ಅಗುಳಿ ಬರುತ್ತದೆ ಎಂಬುದು ಅವನ ಮುಂದಾಲೋಚನೆ. ಅರಮನೆಯವರು ಏಣಿ ಇಡಿಸಿದರು, ಆದರೆ ಮೆಟ್ಟಿಲುಗಳ ನಡುವಿನ ಅಂತರ ಎಷ್ಟಿತ್ತೆಂದರೆ ಮಕ್ಕಳು, ಮುದುಕರು ಹತ್ತಲಾಗದು. ಲೂಯಿಸ್ ಮತ್ತೆ ದೂರು ಕೊಟ್ಟ. ಮುದುಕಿಯರೂ ಹತ್ತುವಂತಿರಬೇಕು, ನೀನೇ ನೋಡಿಕೋ ಎಂದು ನ್ಯಾಯಾಧೀಶರು ಅಪ್ಪಣೆ ಮಾಡಿದರು. ಒಂದು ಹಕ್ಕು ಕಾಗದದಲ್ಲಿ ಸಿಕ್ಕ ಮೇಲೂ ಅದರ ಮೆಟ್ಟಿಲಿನ ಅಳತೆ ನೋಡಿದನಲ್ಲ, ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಈ ಕಥೆ ಕೇಳುತ್ತ ಅಪ್ಪ ಗೋಡೆಯ ಇಟ್ಟಿಗೆಯನ್ನೇ ನೋಡುತ್ತಿದ್ದರು. ನಮ್ಮ ಕಾವಲಿಗೂ ಗೋಡೆ ಬಂದಿದೆ. ಕಳೆದ ಒಂದೂವರೆ ದಶಕದಲ್ಲಿ ಚಳ್ಳಕೆರೆ ತಾಲ್ಲೂಕಿನ ಸಾವಿರಾರು ಎಕರೆ ಕಾವಲು ವಿಜ್ಞಾನ, ರಕ್ಷಣೆ, ಇಂಧನದ ಯೋಜನೆಗಳಿಗೆ ಹೋಯಿತು. ಊರವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು, ಯೋಜನೆಗಳು ನಿಲ್ಲಲಿಲ್ಲ. 2023ರ ಏಪ್ರಿಲ್ 2ರಂದು ಮರುಬಳಕೆಯ ಉಡಾವಣಾ ವಾಹನವನ್ನು ಇಸ್ರೋ ಚಳ್ಳಕೆರೆಯ ನೆಲಕ್ಕೇ ಇಳಿಸಿತು. ಆ ಸುದ್ದಿ ಓದಿ ನಾನು ಇಲ್ಲಿ ಆಫೀಸಿನಲ್ಲಿ ಎದ್ದು ನಿಂತು ಗೆಳೆಯರಿಗೆ ತೋರಿಸಿದೆ. ಆ ಹೆಮ್ಮೆ ನಿಜ. ಕುರಿಗೆ ದಾರಿಯಿಲ್ಲದೆ ರೊಪ್ಪ ಖಾಲಿಯಾದ ಮನೆಗಳ ಸಂಕಟವೂ ಅಷ್ಟೇ ನಿಜ. ದೇಶಕ್ಕೆ ಬೇಕಾದ ಕೆಲಸಕ್ಕೆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಏಣಿ ಎಲ್ಲಿಡಬೇಕೆಂದು ಊರವರನ್ನು ಮೊದಲೇ ಕೇಳಬಹುದಿತ್ತು.

ಲಂಡನ್ನಿನ ಈಶಾನ್ಯ ಅಂಚಿನಲ್ಲಿ ಎಪ್ಪಿಂಗ್ ಫಾರೆಸ್ಟ್ ಇದೆ. ಅಲ್ಲೂ 19ನೇ ಶತಮಾನದಲ್ಲಿ ಜಮೀನ್ದಾರರು ಬೇಲಿ ಹಾಕುತ್ತ ಬಂದರು. ಚಳಿಗಾಲದಲ್ಲಿ ಕೊಂಬೆ ಕಡಿದುಕೊಳ್ಳುವ ಹಳೆಯ ಹಕ್ಕನ್ನು ಬಿಡದ ಲೌಟನ್ ಊರಿನ ವಿಲ್ಲಿಂಗೇಲ್ ಮನೆತನದವರು 1866ರಲ್ಲಿ ಜೈಲಿಗೂ ಹೋದರು. ಕೊನೆಗೆ ಆ ಕಾಡನ್ನು ಉಳಿಸಿದ್ದು ದನ ಮೇಯಿಸುವ ಹಕ್ಕು. ಲಂಡನ್ನಿನ ನಗರಾಡಳಿತ ಸ್ಮಶಾನಕ್ಕೆಂದು ಕೊಂಡಿದ್ದ ಜಮೀನಿಗೆ ಆ ಕಾಡಿನಲ್ಲಿ ದನ ಬಿಡುವ ಹಕ್ಕು ಅಂಟಿಕೊಂಡಿತ್ತು. ಅದನ್ನೇ ಹಿಡಿದು ದಾವೆ ಹೂಡಿ, 1874ರಲ್ಲಿ ಬೇಲಿಗಳು ಅಕ್ರಮವೆಂಬ ತೀರ್ಪು ಪಡೆದರು. 1878ರಲ್ಲಿ ಕಾಡಿನ ರಕ್ಷಣೆಗೆ ಕಾನೂನೇ ಆಯಿತು.

ಅಲ್ಲಿ ಈಗಲೂ ದನ ಮೇಯುತ್ತವೆ. ಲಾಂಗ್‌ಹಾರ್ನ್ ಎಂಬ ತಳಿ. ಕಂದು ಮೈ, ಬೆನ್ನುದ್ದಕ್ಕೂ ಬಿಳಿ ಪಟ್ಟೆ, ಕೆನ್ನೆಯ ಪಕ್ಕ ಕೆಳಕ್ಕೆ ಬಾಗಿದ ಕೊಂಬು. ನಮ್ಮ ಅಮೃತ್ ಮಹಲ್ ದನದ ಕೊಂಬು ನೆತ್ತಿಯಲ್ಲಿ ಒತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲೆದ್ದು ಮೊನೆಯಾಗುತ್ತದೆ. ಇಲ್ಲಿನವು ಸ್ವಭಾವದಲ್ಲೂ ಅದಕ್ಕೆ ಪೂರಾ ವಿರುದ್ಧ, ಸಾಧು. ಕೊರಳಲ್ಲಿ ಗಂಟೆಯ ಬದಲು ಸಣ್ಣ ಪೆಟ್ಟಿಗೆಯಂಥ ಪಟ್ಟಿ. ಅದು ಉಪಗ್ರಹದ ಸಂಕೇತ ಹಿಡಿದು ದನ ಎಲ್ಲಿದೆಯೆಂದು ತಿಳಿಯುತ್ತದೆ. ಹಾಕಿಟ್ಟ ಗಡಿ ಹತ್ತಿರವಾದರೆ ಸದ್ದು ಮಾಡುತ್ತದೆ. ಮೀರಿದರೆ ಸಣ್ಣಗೆ ಚುರುಕ್ಕೆನ್ನಿಸುತ್ತದೆ. ಬೇಲಿಯೂ ಇಲ್ಲ, ಗೋಡೆಯೂ ಇಲ್ಲ.

ಅಪ್ಪ ಒಂದು ಹಸುವಿನ ಹತ್ತಿರ ಹೋಗಿ, ಪಕ್ಕಕ್ಕೆ ನಿಂತು, ನಾಲಿಗೆ ಲೊಟಕಿಸಿದರು. ಅದು ತಲೆಯೆತ್ತಿ ನೋಡಿತು. "ಇಂಥದ್ದು ನಮ್ಮ ಕುರಿಗೂ ಹಾಕಬೌದೇನಪ್ಪಾ? ಗೋಡೆ ಒಳಗಿನವರು ತಮ್ಮ ಜಾಗ ಗುರ್ತು ಮಾಡಿಕ್ಯಂಬ್ಲಿ, ಮಿಕ್ಕಿದ್ದರಾಗೆ ನಾವು ಬಿಡ್ತೀವಿ." ನಾನು ಓದಿದ ಎಷ್ಟೋ ವರದಿಗಳಲ್ಲಿ ಇಲ್ಲದ ಸಲಹೆ ಅದು. ಆ ಮಧ್ಯಾಹ್ನವೇ, ಮರದ ಕೆಳಗೆ ಬುತ್ತಿ ಬಿಚ್ಚಿ, ನಮ್ಮ ಕಾವಲಿನಲ್ಲಿ ಯಾವ ತಿಂಗಳು ಯಾವ ಕಡೆ ದನ ಬಿಡುತ್ತಿದ್ದರು, ನೀರು ಎಲ್ಲಿತ್ತು, ಕುರಿಹಟ್ಟಿ ಎಲ್ಲಿ ಇಳಿಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳತೊಡಗಿದೆ. ಎಪ್ಪಿಂಗ್‌ನ ಹಕ್ಕು ಉಳಿದದ್ದು ಹಳೆಯ ಬರಹದ ಬಲದಿಂದ. ನಮ್ಮ ಕಡೆಯ ರೂಢಿಗಳು ಇನ್ನೂ ಹಿರಿಯರ ಬಾಯಲ್ಲೇ ಇವೆ.

ಸೆಂಟ್ರಲ್ ಲೈನಿನಲ್ಲಿ ಲೌಟನ್‌ಗೆ ಇಳಿದರೆ ಕಾಡು ನಡೆಯುವಷ್ಟು ಹತ್ತಿರ. ಮಳೆ ಬಂದಿದ್ದರೆ ಕೆಸರು, ಗಟ್ಟಿ ಬೂಟು ಹಾಕಿಸಿ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಎಲ್ಲಿಯವರೇ ಇರಲಿ, ಮುಂದಿನ ಬೇಸಿಗೆಗೆ ನಿಮ್ಮ ಮನೆಗೆ ದನ ಕುರಿ ಸಾಕಿದ ಹಿರಿಯರು ಬಂದರೆ ನನಗೊಂದು ಮಾತು ತಿಳಿಸಿ. ಕಾರು ನಾನು ತರುತ್ತೇನೆ, ಬರೆದುಕೊಳ್ಳಲು ನೋಟ್‌ಬುಕ್ಕೂ ತರುತ್ತೇನೆ.