ಹಾಲು ಕುಡಿಸಿದ ಮೇಲಿನ ಋಣ

ಪುಣ್ಯಕೋಟಿಯ ಕಥೆ ಹೇಳಿ ಮುಗಿಸಿದಾಗ ತರಗತಿಯಲ್ಲಿ ಯಾರಾದರೊಬ್ಬ ಹುಡುಗಿ ಕೇಳಿಯೇ ಕೇಳುತ್ತಾಳೆ: "ಅಕ್ಕೋರ, ಹುಲಿ ಆಕಳಾ ತಿಂದಿದ್ರ ಕರುವಿಗೆ ಹಾಲು ಯಾರು ಕೊಡ್ತಿದ್ರು?" ಸತ್ಯದ ಮಹಿಮೆಯನ್ನು ಹೇಳುವ ಭರದಲ್ಲಿ ದೊಡ್ಡವರು ಮರೆಯುವ ಪ್ರಶ್ನೆ ಇದು. ತಬ್ಬಲಿಯನ್ನು ಕಂಡು ಮರುಗುವುದು ಸುಲಭ. ಹಾಲು ಕುಡಿಸುವವರು ಯಾರು, ಎಷ್ಟು ದಿನ ಎಂಬುದು ಬೇರೆಯೇ ಮಾತು.

ನಮ್ಮ ಹಂಸಭಾವಿಯ ಸುತ್ತ ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದುಂಟು. ಹಾಗೆ ಬಂದ ಹಿಂಡೊಂದರಲ್ಲಿ ಕುರಿ ಈದು ಸತ್ತು, ಮರಿ ಉಳಿಯಿತು. ಕುರಿಮರಿಗೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗಿಣ್ಣದ ಹಾಲು ಸಿಗಬೇಕು. ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ. ಒಂದು ದಿನ ಕಳೆದರೆ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲಾರದು. ಬೇರೆ ಕುರಿಗಳೋ, ಮೂಸಿ ನೋಡಿ ತಮ್ಮದಲ್ಲವೆಂದು ಹಾಯಲು ಬರುತ್ತವೆ. ಕುರಿ ಕಾಯುವ ಹೆಣ್ಣುಮಗಳು ಆಗತಾನೆ ಈದ ಇನ್ನೊಂದು ಕುರಿಯನ್ನು ಅದುಮಿ ಹಿಡಿದು ಮರಿಗೆ ಮೊಲೆ ಹಿಡಿಸಿದಳು. ಆಮೇಲೆ ಆಡಿನ ಹಾಲು, ಬಾಟಲಿ, ರಾತ್ರಿ ಎರಡೆರಡು ಸಲ ಏಳುವುದು. ಮಕ್ಕಳನ್ನು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ದೊಡ್ಡದಾದ ಮ್ಯಾಲೆ?" ಎಂದು ಕೇಳಿದೆ.

"ಟಗರು ಐತ್ರಿ, ಸಂತ್ಯಾಗ ಮಾರ್ತೀವಿ." ನನ್ನ ಮುಖ ನೋಡಿ ನಕ್ಕಳು: "ಬ್ಯಾಡಾದ್ರ ನೀವ ಒಯ್ರಿ, ಅಕ್ಕೋರ."

ಆ ರಾತ್ರಿ ಲೆಕ್ಕ ಹಾಕಿದೆ. ಚೆನ್ನಾಗಿ ನೋಡಿಕೊಂಡರೆ ಕುರಿ ಹತ್ತು-ಹನ್ನೆರಡು ವರ್ಷ ಬದುಕುತ್ತದೆ. ನನಗೀಗ ಐವತ್ತಾರು. ಹಿತ್ತಿಲು ಅಂಗೈಯಗಲ. ಹಿಂಡಿನಲ್ಲಿ ಬಾಳುವ ಜೀವವನ್ನು ಒಂಟಿಯಾಗಿ ಗೂಟಕ್ಕೆ ಕಟ್ಟುವುದು ಯಾವ ಕರುಣೆ? ಬೇಡವೆಂದೆ. ಹಿಂಡು ಅಲ್ಲಿದ್ದಷ್ಟು ದಿನ ಮರಿಗೆಂದು ಹಾಲು ಕಳಿಸಿದೆ.

ಬೇರೆ ದಾರಿಯೂ ಇಲ್ಲದಿಲ್ಲ. 1986ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ, ಜಾನುವಾರು ಮಾರುಕಟ್ಟೆಯ ಹಿಂದೆ ಸತ್ತ ಪ್ರಾಣಿಗಳ ರಾಶಿಯಲ್ಲಿ ಜೀವವಿದ್ದ ಕುರಿಯೊಂದು ಬಿದ್ದಿತ್ತು. ಜೀನ್ ಬಾವರ್ ಮತ್ತು ಸಂಗಡಿಗರು ಅದನ್ನು ಎತ್ತಿ ತಂದು ಹಿಲ್ಡಾ ಎಂದು ಹೆಸರಿಟ್ಟರು. ಅವರು ಕಟ್ಟಿದ 'ಫಾರ್ಮ್ ಸ್ಯಾಂಕ್ಚುಅರಿ' ಎಂಬ ಆಶ್ರಯಧಾಮದಲ್ಲಿ ಅದು ಹತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಉಣ್ಣೆಗಲ್ಲ, ಮಾಂಸಕ್ಕಲ್ಲ, ಬದುಕಲೆಂದೇ ಬದುಕಿತು. ಜೀವವೊಂದು ಉಪಯೋಗಕ್ಕೆ ಬಂದರೆ ಮಾತ್ರ ಬಾಳಬೇಕೆಂಬ ನಿಯಮವಿಲ್ಲ ಎಂದು ತೋರಿಸಿದ್ದು ದೊಡ್ಡ ಮಾತೇ. ಆದರೆ ಅಂಥ ಧಾಮಗಳ ಮೇವಿಗೆ ದಾನಿಗಳ ಹಣವಿರುತ್ತದೆ.

ನಮ್ಮ ಕುರಿ ಕಾಯುವವಳಿಗೆ ಯಾರಿದ್ದಾರೆ? ಮಾರುವ ಮರಿಗೆ ಹಾಲು ಕುಡಿಸುವವಳನ್ನು ಕಲ್ಲೆದೆಯವಳೆಂದು ಊರಲ್ಲಿ ಕೂತು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸದು. ಅವಳ ನಿದ್ದೆಗೆಟ್ಟ ರಾತ್ರಿಗಳು ಸುಳ್ಳಲ್ಲ. ಹಾಗೆಂದು ಮರಿಯ ಋಣವೂ ತೀರಲಿಲ್ಲ. ತೀರದಿದ್ದುದು ಅವಳೊಬ್ಬಳ ಋಣವಲ್ಲ, ನೋಡಿ ಮರುಗಿದವರೆಲ್ಲರದೂ ಹೌದು.

ನಾಳೆ ನಿಮ್ಮ ಮಕ್ಕಳೂ ಬೀದಿಯ ನಾಯಿಮರಿಯನ್ನೋ ಬೆಕ್ಕಿನಮರಿಯನ್ನೋ ಎತ್ತಿಕೊಂಡು ಬಂದಾರು. ಗದರಬೇಡಿ. ಇದು ದೊಡ್ಡದಾದ ಮೇಲೆ ಏನು ಮಾಡೋಣ ಎಂದು ಅವರೊಡನೆ ಕೂತು ಲೆಕ್ಕ ಹಾಕಿ. ಆಗುವುದಾದರೆ ಸಾಕಿ. ಆಗದಿದ್ದರೆ, ಸಾಕುವವರ ಮನೆಗೆ ಒಂದು ಲೋಟ ಹಾಲನ್ನಾದರೂ ಮಕ್ಕಳ ಕೈಯಲ್ಲೇ ಕಳಿಸಿ.