ತುದಿಯಲ್ಲಿ ಉಳಿಯುವ ಹನಿ

ಪಿಯುಸಿ ಪ್ರಯೋಗಾಲಯದಲ್ಲಿ ಮೊದಲ ಸಲ ಗಾಜಿನ ಪಿಪೆಟ್ ಹಿಡಿದ ಮಕ್ಕಳು ಸಾಮಾನ್ಯವಾಗಿ ಹೆಬ್ಬೆರಳಿನಿಂದ ಅದರ ಬಾಯಿ ಮುಚ್ಚುತ್ತಾರೆ. ಹೆಬ್ಬೆರಳಿಗೆ ಬಲವಿದೆ, ನಯವಿಲ್ಲ. ಸಡಿಲಿಸಿದರೆ ದ್ರಾವಣವೆಲ್ಲ ಸುರಿದುಹೋಗುತ್ತದೆ. ಬದಲಿಗೆ ಒಣ ತೋರುಬೆರಳಿನಿಂದ ಮುಚ್ಚಿ, ಕೂದಲೆಳೆಯಷ್ಟು ಸಡಿಲಿಸಿದರೆ ದ್ರವ ಮೆಲ್ಲನೆ ಇಳಿದು ಗೆರೆಯ ಬಳಿ ನಿಲ್ಲುತ್ತದೆ. ಆ ಗೆರೆಯನ್ನು ನೋಡುವುದಕ್ಕೂ ನಾವು ಬಾಗಬೇಕು. ಗಾಜಿನ ಸುತ್ತ ಕೊರೆದ ಗೆರೆಯ ಮುಂಬದಿ, ಹಿಂಬದಿ ಒಂದಾಗಿ ಕಂಡಾಗ ಮಾತ್ರ ಕಣ್ಣು ಸರಿಯಾದ ಎತ್ತರದಲ್ಲಿದೆ.

ಆದರೆ ನಿಜವಾದ ಪಾಠವಿರುವುದು ಕೊನೆಯ ಹನಿಯಲ್ಲಿ. ಫ್ಲಾಸ್ಕಿಗೆ 25 ಮಿಲಿಲೀಟರ್ ಇಳಿದ ಮೇಲೂ ತುದಿಯಲ್ಲಿ ತುಸು ದ್ರವ ಉಳಿಯುತ್ತದೆ. ಮಗು ಅದನ್ನು ಊದಿ ಹೊರಹಾಕಲು ಆತುರಪಡುತ್ತದೆ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದೆಂದು ಮನೆಯಲ್ಲಿ ಕಲಿಸಿದವರು ನಾವೇ ಅಲ್ಲವೇ? ಆ ಒಳ್ಳೆಯ ಅಭ್ಯಾಸವೇ ಇಲ್ಲಿ ತಪ್ಪಾಗುತ್ತದೆ. ಆ ಹನಿ ಉಳಿಯುತ್ತದೆಂದು ಲೆಕ್ಕ ಹಿಡಿದೇ ಗೆರೆ ಎಳೆದಿದ್ದಾರೆ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ, ಇಳಿಯುವಷ್ಟು ಇಳಿಯಲು ಬಿಟ್ಟು, ಉಳಿದದ್ದನ್ನು ಉಳಿಯಗೊಡಬೇಕು. ಪೂರ್ತಿ ಕೊಡುವುದೆಂದರೆ ಬರಿದಾಗುವುದೇ? ಒಳ್ಳೆಯತನಕ್ಕೂ ಒಂದು ಅಳತೆಯಿರಬಾರದೇ?

ಇದನ್ನೂ ನಿಯಮವಾಗಿ ಉರುಹೊಡೆದರೆ ಸಾಲದು; ಎಲ್ಲ ಪಿಪೆಟ್‌ಗಳಿಗೂ ಅದು ಒಪ್ಪದು. ಪಿಪೆಟ್‌ಗೆ ದ್ರವವನ್ನು ಬಾಯಿಂದ ಹೀರುವ ಕಷ್ಟವನ್ನು ತಪ್ಪಿಸಲು 1957ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಹೈನ್ರಿಕ್ ಶ್ನಿಟ್ಗರ್ ಗುಂಡಿ ಒತ್ತುವ ಮೈಕ್ರೋಪಿಪೆಟ್ ರೂಪಿಸಿದರು. ಅದರಲ್ಲಿ ಹೀರುವಾಗ ಗುಂಡಿಯನ್ನು ಮೊದಲ ತಡೆಯವರೆಗಷ್ಟೇ ಒತ್ತುತ್ತೇವೆ. ಬಿಡುವಾಗ ಎರಡನೆಯ ತಡೆಯವರೆಗೂ ಒತ್ತಿ ಕೊನೆಯ ಹನಿಯನ್ನು ಹೊರದೂಡುತ್ತೇವೆ. ಒಂದು ಸಲಕರಣೆಯಲ್ಲಿ ಉಳಿಯಬೇಕಾದ ಹನಿ ಇನ್ನೊಂದರಲ್ಲಿ ಹೋಗಲೇಬೇಕು. ಹೀಗಿರುವಾಗ ಕೈಗಿಂತ ಮೊದಲು ಪಳಗಬೇಕಾದದ್ದು ಕೈಯಲ್ಲಿರುವ ವಸ್ತುವಿನ ಸ್ವಭಾವವನ್ನು ಅರಿಯುವ ತಾಳ್ಮೆಯಲ್ಲವೇ?

ಒಂದು ಮೈಕ್ರೋಲೀಟರ್ ನೀರಿನ ತೂಕ ಸುಮಾರು ಒಂದು ಮಿಲಿಗ್ರಾಂ. ಅಷ್ಟು ತಪ್ಪಿದರೆ ಪಕ್ಕದಲ್ಲಿ ನಿಂತವರಿಗೂ ಕಾಣದು. ಇಂಥ ಕಾಣದ ತಪ್ಪುಗಳಿಂದ ರೀಡಿಂಗ್ ಹೊಂದದಿದ್ದಾಗ ಗೆಳೆಯನ ಪುಸ್ತಕ ನೋಡಿ ಅಂಕಿ ತುಂಬುವ ಮಕ್ಕಳನ್ನು ನಾವು ಗದರುತ್ತೇವೆ. ಆದರೆ ಕೈ ಪಳಗಲು ಅವರಿಗೆ ಸಮಯವನ್ನೇ ಕೊಟ್ಟಿರುವುದಿಲ್ಲ. ಮೇಷ್ಟ್ರುಗಳಲ್ಲಿ ಒಂದು ಬಿನ್ನಹ: ಮೊದಲ ದಿನ ಆಮ್ಲ, ಕ್ಷಾರ ಬೇಡ. ದ್ರವ ಹೀರಲು ಒಂದು ರಬ್ಬರ್ ಬಲ್ಬು, ಒಂದು ಪಿಪೆಟ್, ಒಂದು ತಕ್ಕಡಿ, ಬರಿಯ ನೀರು ಕೊಡಿ. ಹತ್ತು ಸಲ ತೆಗೆದು, ಹತ್ತು ಸಲವೂ ತಾವೇ ತೂಗಿ ನೋಡಲಿ.