ಆಗದೆ ಹೋದದ್ದರ ವ್ಯಾಕರಣ

ಚಳಿಗಾಲದಲ್ಲಿ ಒಂದೆರಡು ಹದಮಳೆ ಬಿದ್ದರೆ ಪಂಜಾಬಿನ ಗೋಧಿ ಬೆಳೆಗಾರನಿಗೆ ಸಮಾಧಾನ. ಅದೇ ಮಳೆ ಬೈಸಾಖಿಯ ಹೊತ್ತಿಗೆ, ತೆನೆ ಮಾಗಿ ನಿಂತಾಗ ಬಂತೋ, ವರ್ಷದ ದುಡಿಮೆ ನೀರುಪಾಲು. ಹಾಗಾಗಿ ಅಲ್ಲಿ ಮಳೆಯ ಮಾತೆತ್ತಿದರೆ ಹಿಂದೆಯೇ ‘ಜೇ’ ಬರುತ್ತದೆ. ಪಂಜಾಬಿಯ ಈ ‘ಜೇ’ ನಮ್ಮ ‘ಬಂದರೆ’, ‘ಹೋದರೆ’ಗಳಲ್ಲಿನ ‘ರೆ’ಯ ಕೆಲಸ ಮಾಡುತ್ತದೆ. ವಾಕ್ಯದ ಉತ್ತರಾರ್ಧದಲ್ಲಿ ಅದಕ್ಕೆ ಜೊತೆಯಾಗಿ ‘ತಾಂ’ ಎಂದು ಮೂಗಿನಿಂದ ಹೊರಡುವ ಪುಟ್ಟ ಪದವೊಂದಿದೆ.

‘ಜೇ’ ಬದಲಾಗುವುದಿಲ್ಲ. ಹೇಳುವವರ ಮನಸ್ಸು ಎತ್ತ ವಾಲಿದೆ ಎಂದು ತಿಳಿಯಲು ಕ್ರಿಯಾಪದಕ್ಕೆ ಕಿವಿಗೊಡಬೇಕು. ‘ಜೇ ಮೀಂಹ್ ಪಿಆ’ ಎಂದರೆ ಮಳೆ ಬಿದ್ದರೆ; ಬೀಳುವ ಲೆಕ್ಕ ಇಟ್ಟುಕೊಂಡೇ ಆಡಿದ ಮಾತು. ‘ಜೇ ಮೀಂಹ್ ಪವೇ’ ಎಂದಾಗ ಲೆಕ್ಕ ಸಡಿಲವಾಗುತ್ತದೆ. ಬಿದ್ದೀತು, ಬೀಳದೆಯೂ ಇದ್ದೀತು. ‘ಜೇ ಮೀಂಹ್ ಪೈಂದಾ’ ಎಂದರೋ, ಮಳೆ ಇಲ್ಲ ಎಂದು ಹೇಳುವವರಿಗೂ ಕೇಳುವವರಿಗೂ ಗೊತ್ತು.

ಮೊದಲನೆಯದರಲ್ಲಿ ಒಂದು ಸೋಜಿಗವಿದೆ. ‘ಪಿಆ’ ಎಂಬುದು ಬಿದ್ದು ಮುಗಿದದ್ದನ್ನು ಹೇಳುವ ರೂಪ. ‘ಜೇ ರಬ್ಬ್ ನೇ ಚಾಹಿಆ’, ದೇವರು ಮನಸ್ಸು ಮಾಡಿದರೆ, ಎಂದು ನಾಳೆಯ ಕೆಲಸಕ್ಕೆ ಹೊರಡುವವರೂ ಮುಗಿದ ಕ್ರಿಯೆಯ ರೂಪವನ್ನೇ ಬಳಸುತ್ತಾರೆ. ನಾವೂ ಅಷ್ಟೇ: ‘ಮಾಡಿದ’ ಎಂಬ ಭೂತಕಾಲದಿಂದ ‘ಮಾಡಿದರೆ’ ಎಂಬ ಭವಿಷ್ಯವನ್ನು ಕಟ್ಟುತ್ತೇವೆ. ಬೇರೆ ಬೇರೆ ಕುಲದ ಎರಡು ಭಾಷೆಗಳು ಇಲ್ಲಿ ಒಂದೇ ಹಾದಿ ಹಿಡಿದಿವೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಆ ‘ಪೈಂದಾ’. ‘ಮೀಂಹ್ ಪೈಂದಾ ಹೈ’ ಎಂದರೆ ಮಳೆ ಬೀಳುತ್ತದೆ. ದಿನನಿತ್ಯದ ಸಾದಾ ಮಾತು. ಕೊನೆಯ ‘ಹೈ’, ಅಂದರೆ ‘ಇದೆ’, ಕಳಚಿ ಮುಂದೆ ‘ಜೇ’ ಇಟ್ಟರೆ ಆಗದೆ ಹೋದದ್ದರ ಲೋಕ ತೆರೆಯುತ್ತದೆ. ಅದಕ್ಕಾಗಿ ಹೊಸದೇನನ್ನೂ ಸೇರಿಸಬೇಕಿಲ್ಲ, ‘ಇದೆ’ಯನ್ನು ತೆಗೆದರೆ ಸಾಕು. ಹಾಗೆ ತೆಗೆದಾಗ ಕಾಲವೂ ಜೊತೆಗೆ ಹೋಗುತ್ತದೆ: ಹೋದ ವರ್ಷ ಬಾರದ ಮಳೆಯೋ ಈಗ ಬಾರದಿರುವ ಮಳೆಯೋ ಎಂದು ಆ ರೂಪ ಹೇಳದು. ಕಳೆದದ್ದೆಂದು ಖಚಿತಪಡಿಸಲು ‘ಪಿಆ ಹುಂದಾ’ ಎನ್ನಬಹುದು, ಆದರೆ ಎನ್ನಲೇಬೇಕೆಂಬ ಒತ್ತಾಯವಿಲ್ಲ.

ಪಂಜಾಬಿನವರ ನೆನಪಿನಲ್ಲಿ ‘ಪೈಂದಾ’ದ ಮನೆತನಕ್ಕೆ ಸೇರಿದ ಒಂದು ವಾಕ್ಯ ಬಹಳ ಭಾರವಾದದ್ದು. 1947ರ ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಎರಡು ದಿನಕ್ಕೆ, ಪಂಜಾಬನ್ನು ಭಾರತ, ಪಾಕಿಸ್ತಾನಗಳಿಗೆ ಹಂಚಿದ ರ‍್ಯಾಡ್‌ಕ್ಲಿಫ್ ಗೆರೆ ಪ್ರಕಟವಾಯಿತು. ಸುಮಾರು ಐವತ್ತು ಕಿಲೋಮೀಟರ್ ಅಂತರದ ಲಾಹೋರ್ ಅತ್ತ, ಅಮೃತಸರ ಇತ್ತ. ‘ಜೇ ವಂಡ್ ನಾ ಹುಂದೀ’, ಆ ವಿಭಜನೆ ಆಗದಿದ್ದರೆ. ಇತ್ತ ಗುರುಮುಖಿಯಲ್ಲಿ ಬರೆದರೂ ಅತ್ತ ಶಾಹಮುಖಿಯಲ್ಲಿ ಬರೆದರೂ ವಾಕ್ಯ ಅದೇ. ‘ತಾಂ ಮೈಂ ಲಾಹೌರ್ ಹುಂದಾ’, ನಾನು ಲಾಹೋರಿನಲ್ಲಿರುತ್ತಿದ್ದೆ, ಎಂದು ಗಂಡಸು ಮುಗಿಸುತ್ತಾನೆ, ಹೆಂಗಸಾದರೆ ‘ಹುಂದೀ’. ಗಂಡು ಹೆಣ್ಣೆಂಬ ಭೇದವನ್ನು ಆ ರೂಪ ಬಿಟ್ಟುಕೊಡುವುದಿಲ್ಲ, ಕಾಲವನ್ನು ಬಿಟ್ಟುಕೊಟ್ಟಿದೆ. ಗೆರೆ ದಾಟಿ ಬಂದ ಅಜ್ಜಿ ಆಡಿದ ಈ ಮಾತನ್ನು ಲಾಹೋರ್ ನೋಡಿಯೇ ಇರದ ಮೊಮ್ಮಗಳು ಇಂದು ಒಂದಕ್ಷರವೂ ಬದಲಿಸದೆ ತನ್ನದಾಗಿ ಆಡಬಹುದು.